ಬಿಳಿಯ ಕೆಳಗೆ

ಶಿವಮೊಗ್ಗದ ಸಭಾಂಗಣ. ಪರದೆಯ ಮೇಲೆ
ಹುಲಿಕಲ್ಲಿನ ಚಿತ್ರ, ಜುಲೈ ಹದಿನಾರರದ್ದು:
ಬರೀ ಬಿಳಿ, ಅಕ್ಕಚ್ಚು ಚೆಲ್ಲಿದ ಹಾಗೆ.
ನಾಲ್ಕು ತಿಂಗಳು ಹೀಗೇ ಅಂದರು ವಾರಿಜಾ ಮೇಡಂ.

ಆ ಬಿಳಿಯ ಕೆಳಗೆ ಅವತ್ತು ನಾನಿದ್ದೆ,
ಮಳೆಮಾಪಕ ಎರಡು ಸಲ ಬರಿದು ಮಾಡಿ
ಇನ್ನೂರ ಎಪ್ಪತ್ತೊಂದು ಮಿಲಿಮೀಟರ್ ಎಂದು ಬರೆದವನು.

ಹಂಚಿದ ಹಾಳೆಯಲ್ಲಿ ಪ್ರಶ್ನೆಗಳು:
ಎಂಟು ವರ್ಷದ ನಂತರ ಹಾರುವ ಉಪಗ್ರಹ
ಎಷ್ಟು ದಿನಕ್ಕೊಮ್ಮೆ ಬರಬೇಕು? ಎಷ್ಟು ಸಣ್ಣದು ಕಾಣಬೇಕು?
ಗಾರ್ಡ್ ತೇಜಪ್ಪ ತಡಮಾಡದೆ ಗೀಚಿದ:
ಅಕೇಶಿಯಾನೂ ಹಸಿರು, ಕಾಡೂ ಹಸಿರು,
ಮೊದಲು ಅದನ್ನ ಬೇರೆ ಮಾಡಿ.
ಲಿಂಗನಮಕ್ಕಿಯ ಫಿಲೋಮಿನಾ ಕೇಳಿದ್ದು ಹೂಳಿನ ಲೆಕ್ಕ.
ಹಿಂದಿನ ಸಾಲಿನಿಂದ ಯಾರೋ: ಉಣುಗು ಕಾಣ್ತದಾ?
ನಕ್ಕೆವು. ಆಮೇಲೆ ನಗಲಿಲ್ಲ;
ಅವನೂರಲ್ಲಿ ಮಂಗನ ಕಾಯಿಲೆಗೆ ಇಬ್ಬರು ಹೋಗಿದ್ದರು.

ನನ್ನ ಹಾಳೆ ಖಾಲಿ. ಆರು ವರ್ಷಕ್ಕೇ ನನಗೆ ನಿವೃತ್ತಿ.
ಮೋಡ ತೂರಿ ನೋಡುವ ರೇಡಾರ್ ಇಡಬಹುದು, ಅಂದರು ಮೇಡಂ,
ಗುಡ್ಡ ಬೆರಳಷ್ಟು ಜರುಗಿದರೂ ತಿಳಿಯುತ್ತದೆ,
ಹನ್ನೆರಡು ದಿನಕ್ಕೊಮ್ಮೆ.

ಘಾಟಿಯ ಏಳನೇ ತಿರುವಿನಲ್ಲಿ
ಬಂಡೆಗೂ ಹೊನ್ನೆ ಮರಕ್ಕೂ ನಡುವೆ
ನಾನೇ ಕಟ್ಟಿದ ನೈಲಾನ್ ಹಗ್ಗ.
ಹೋದ ವರ್ಷ ಜೋಲುತ್ತಿತ್ತು.
ಈ ವರ್ಷ ಮೀಟಿದರೆ ಸದ್ದು ಬರುತ್ತದೆ.

ಬರೆದೆ: ಹನ್ನೆರಡು ದಿನ ಹೆಚ್ಚಾಯಿತು,
ಹಗ್ಗಕ್ಕೆ ಒಂದು ರಾತ್ರಿ ಸಾಕು.
ಕೆಳಗೆ ಇನ್ನೂ ಜಾಗ ಉಳಿದಿತ್ತು, ಅದಕ್ಕೆ ಇದನ್ನೂ:
ನಿಮ್ಮದು ಹಾರುವ ತನಕ
ದಿನಾ ಬೆಳಿಗ್ಗೆ ಎಂಟೂವರೆಗೆ
ನಾನು ಹೋಗಿ ಮುಟ್ಟಿ ನೋಡಿರುತ್ತೇನೆ.