ಎಡಗಿವಿಯ ಗುರುತು

ಇಪ್ಪತ್ತಾರು ವರ್ಷ ಕಾಡ್ ಮೀನಿನ ಬೆನ್ನುಮೂಳೆ ಬಿಡಿಸಿದ ಚಾಕು
ತೊಳೆದು, ಒರೆಸಿ, ತೂರಿಯ ಮೇಜಿನ ಮೇಲಿಟ್ಟೆ.
ಆಕೆ ರಿಜಿಸ್ಟರಿನಲ್ಲಿ ಬರೆದುಕೊಂಡಳು: ಚಾಕು ಒಂದು,
ಏಪ್ರನ್ ಎರಡು, ಬೂಟು ಒಂದು ಜೊತೆ,
ಎಡಗಾಲಿನದು ಸೋರುತ್ತದೆ.
"ಚಿತ್ರ ಬರೆದು ಹೊಟ್ಟೆ ತುಂಬುತ್ತಾ, ರಾನ್ವಾ?" ಅಂದಳು, ತಲೆ ಎತ್ತದೆ.
"ನೋಡೋಣ" ಅಂದೆ.
ಹೊರಗೆ ಕ್ಲಾಕ್ಸ್‌ವಿಕ್ ಬಂದರಿನಲ್ಲಿ
ಕಡಲಹಕ್ಕಿಗಳ ಎಂದಿನ ಜಗಳ.
ದೋಣಿ ಹತ್ತಿ ಕಾಲ್ಸೋಯ್‌ಗೆ ಬಂದೆ.
ಆ ರಾತ್ರಿ ನಿದ್ದೆಯಲ್ಲೂ ಮಣಿಕಟ್ಟು ಮೀನು ಸೀಳುತ್ತಿತ್ತು.

ಶುರುವಾದದ್ದು ಅಲ್ಲಲ್ಲ, ಒಂದು ವರ್ಷ ಹಿಂದೆ.
ಇಪ್ಪತ್ತೈದು ತುಂಬಿದವರಿಗೆ ಕಾರ್ಖಾನೆಯ ಬಹುಮಾನ:
ಲಾನ್ಸರೋಟೆ ದ್ವೀಪದಲ್ಲಿ ಒಂದು ವಾರ, ಊಟ ಸೇರಿ.
ಉಳಿದ ಎಂಟು ಹೆಂಗಸರು ಈಜುಕೊಳದ ದಂಡೆಯಲ್ಲಿ
ಬೆಂದ ಸಿಗಡಿಯ ಹಾಗೆ ಕೆಂಪಾಗುತ್ತ ಮಲಗಿದರು.
ನನಗೆ ಬಿಸಿಲು ಆಗಿಬರದು. ಬಸ್ಸು ಹತ್ತಿದೆ.

ಕಿಟಕಿಯಲ್ಲಿ ಕಪ್ಪು. ಬರೀ ಕಪ್ಪು.
ಯಾರೋ ನಮ್ಮ ದ್ವೀಪದ ಹುಲ್ಲನ್ನೆಲ್ಲ
ಉಣ್ಣೆ ಕತ್ತರಿಸಿದಂತೆ ಕತ್ತರಿಸಿ
ಇಲ್ಲಿ ತಂದು ಒಣಗಹಾಕಿದ ಹಾಗೆ.
ಅದೇ ಬೆಂಕಿಯಿಂದ ಹುಟ್ಟಿದ ಕಲ್ಲು.
ನಮ್ಮದು ಮುದಿಯಾಗಿ, ಹಸಿರು ಹೊದ್ದು, ಮರ್ಯಾದೆಯಿಂದ ಕೂತದ್ದು.
ಇದು ಬಟ್ಟೆ ಹಾಕಿಸಿಕೊಳ್ಳದೆ ಓಡಿಹೋದ ಮಗು.

ಅಲ್ಲೊಬ್ಬ ಮುದುಕ, ಯುಸ್ತಾಕಿಯೊ ಎಂದು ಆಮೇಲೆ ತಿಳಿಯಿತು,
ಬೂದಿಯಲ್ಲಿ ಗುಳಿ ತೋಡಿ, ಗುಳಿಗೊಂದು ದ್ರಾಕ್ಷಿಬಳ್ಳಿ ನೆಟ್ಟು,
ಅದರ ಬೆನ್ನಿಗೆ ಅರ್ಧಚಂದ್ರದ ಗೋಡೆ ಕಟ್ಟುತ್ತಿದ್ದ.
ಬಸ್ಸಿನ ವೇಳಾಪಟ್ಟಿಯ ಹಿಂಬದಿಯಲ್ಲಿ ಗೀಚಿದೆ.
ಬಗ್ಗಿ ನೋಡಿದ. ಅವನ ಮಾತು ನನಗೆ ಬಾರದು, ನನ್ನದು ಅವನಿಗೆ.
ಬೆರಳು ನೆಕ್ಕಿ, ಬೂದಿಗೆ ಅದ್ದಿ
ನನ್ನ ಗೋಡೆಯ ಮೇಲಿನಿಂದ ಒಂದು ಓರೆ ಗೆರೆ ಎಳೆದ.
ಗಾಳಿ.
ಗಾಳಿಯನ್ನೇ ಬಿಟ್ಟಿದ್ದೆ.
ನಾನು! ಕಾಲ್ಸೋಯ್‌ನವಳು!

ಕಾಲುಚೀಲದಲ್ಲಿ ಒಂದು ಹಿಡಿ ಬೂದಿ ಮನೆಗೆ ಬಂತು.
ದೋಣಿಯಿಂದ ಇಳಿದಾಗ ನಮ್ಮ ಗುಡ್ಡ
ಮೊದಲ ಸಲ ಹಸಿರಾಗಿ ಕಾಣಲಿಲ್ಲ.
ಹಸಿರಿನಡಿ ಕಪ್ಪು, ಪದರ ಪದರವಾಗಿ,
ಬೆರಳಿಟ್ಟರೆ ಸಿಗುವಂತೆ.
ಮೀನು ಸೀಳುವವಳಿಗೆ
ಮೂಳೆ ಎಲ್ಲಿದೆಯೆಂದು ಯಾರೂ ಹೇಳಿಕೊಡಬೇಕಿಲ್ಲ.

ಈಗ ದೋಣಿಮನೆಯಲ್ಲಿ ಕೆಲಸ, ಬೆಳಿಗ್ಗೆ ಏಳರಿಂದ,
ಕಾರ್ಖಾನೆಯ ಸೈರನ್ನಿನ ಹೊತ್ತಿಗೇ.
ಅಭ್ಯಾಸ ಬಿಡಲಾಗಿಲ್ಲ, ಬಿಡಬೇಕೆಂದೂ ಇಲ್ಲ.
ಹೈನಿ ಲೆಕ್ಕ ಹಾಕಿದ: ಒಂದು ಟ್ಯೂಬು ನೀಲಿಗೆ
ಎರಡು ಕಿಲೋ ಹಾಲಿಬಟ್ ಮೀನು.
"ಹಾಗಾದರೆ ಆಕಾಶ ಸಣ್ಣದಾಗಿ ಬರಿ."
ಗಂಡ ಕೊಟ್ಟ ಸಲಹೆಗಳಲ್ಲಿ ಇದೊಂದು ಪರವಾಗಿಲ್ಲ.
ನಮ್ಮಲ್ಲಿ ಆಕಾಶ ಹೆಚ್ಚಾಗಿ ನೆಲದ ಮೇಲೇ ಕೂತಿರುತ್ತದೆ,
ನೀಲಿ ಬೇಕಾಗುವುದೇ ಅಪರೂಪ.

ಮೊದಲ ವರ್ಷ ಮೂರು ಚಿತ್ರ ಹೋದವು.
ಒಂದು ಹಲ್ಲಿನ ಡಾಕ್ಟರಿಗೆ, ದವಡೆಹಲ್ಲಿನ ಬಾಬತ್ತು.
ಒಂದನ್ನು ತೂರಿ ಕೊಂಡಳು, ಎಲ್ಲಿ ತೂಗುಹಾಕಿದಳೋ ಹೇಳಿಲ್ಲ.
ಮೂರನೆಯದನ್ನು ಗಾಳಿ ಒಯ್ದಿತು,
ಒಣಗಲಿ ಎಂದು ಗೋಡೆಗೆ ಒರಗಿಸಿದ್ದೆ.
ಉಳಿದ ಖರ್ಚಿಗೆ ಸ್ವೆಟರ್ ಹೆಣೆಯುತ್ತೇನೆ.
ಹೆಣೆಯುತ್ತ ಕಿಟಕಿಯಾಚೆ ನೋಡುವುದರಿಂದ
ಒಂದು ತೋಳು ಯಾವಾಗಲೂ ಉದ್ದ.

ನಿನ್ನೆ ಸಾಕಾರಿಸ್ ಬಂದ, ಕಳೆದ ಕುರಿ ಹುಡುಕುತ್ತ.
ಬಾಗಿಲಲ್ಲೇ ನಿಂತು ಚಿತ್ರ ನೋಡಿದ, ಬಹಳ ಹೊತ್ತು.
ಗುಡ್ಡದ ಕಪ್ಪಿಗೆ ಆ ಬೂದಿಯ ಕೊನೆಯ ಚಿಟಿಕೆ ಹಾಕಿದ್ದೆ.
ಅದನ್ನು ನೋಡಿದನೋ ಇಲ್ಲವೋ.
ಮೂಲೆಯ ಬಿಳಿ ಚುಕ್ಕೆ ತೋರಿಸಿ ಕೇಳಿದ,
"ಇದು ಯಾರದು?"
ಬಣ್ಣದ್ದು, ಅಂದೆ.
"ಬಣ್ಣದ್ದಾದರೂ ಯಾರದಾದರೂ ಆಗಿರಬೇಕಲ್ಲ.
ನನ್ನದಾದರೆ ಎಡಗಿವಿಯಲ್ಲಿ ಒಂದು ಕಚ್ಚು ಇರುತ್ತದೆ."

ಅವನು ಹೋದ ಮೇಲೆ
ಎಲ್ಲಕ್ಕಿಂತ ಸಣ್ಣ ಕುಂಚ ಹುಡುಕಿ
ಕಚ್ಚು ಹಾಕಿದೆ.