ಮುಳ್ಳು ಇಳಿಯುವಾಗ

ಓಶ್‌ನಿಂದ ಎಪ್ಪತ್ತು ಮೂಟೆ ಹಿಟ್ಟು,
ಮೇಲೊಂದು ಮದುವೆಯ ಬೀರು, ಕನ್ನಡಿ ಒಳಮುಖ ಮಾಡಿ ಕಟ್ಟಿದ್ದು.
ಅಕ್‌ಬೈತಾಲ್ ಘಟ್ಟ ಅರ್ಧ ಏರಿದ್ದೆ ಅಷ್ಟೆ,
ಆಯಿಲ್ ಮೀಟರಿನ ಮುಳ್ಳು
ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ,
ಆಮೇಲೆ ಮಲಗಿಯೇಬಿಟ್ಟಿತು
ಮೇದು ಬಂದ ಯಾಕಿನ ಹಾಗೆ.

ಮೊದಲು ಬೈದದ್ದು ಮೀಟರನ್ನು.
ಆಮೇಲೆ ಆಯಿಲ್ ಮಾರಿದವನನ್ನು, ಅವನ ಡಬ್ಬವನ್ನು,
ಡಬ್ಬದ ಮೇಲೆ ಹಲ್ಲು ಕಿರಿಯುತ್ತಿದ್ದ ಹುಲಿಯನ್ನು.
ಕೆಂಪು ದೀಪ ಬಿಟ್ಟ ಕಣ್ಣು ಮುಚ್ಚದೆ ನನ್ನನ್ನೇ ನೋಡುತ್ತಿತ್ತು.
ಒಂದು ಚೂರು ಕಪ್ಪು ಟೇಪು ಹರಿದು ಅದರ ಮೇಲೆ ಅಂಟಿಸಿದೆ.
ಎಷ್ಟು ಸುಲಭ.

ಹತ್ತು ನಿಮಿಷ ಓಟ, ಹತ್ತು ನಿಮಿಷ ನಿಲುಗಡೆ,
ಗಾಳಿ, ಗಾಳಿ,
ಒಂದೇ ಒಂದು ಮರವಿಲ್ಲದ ಬೆಟ್ಟ.
ಹೀಗೆ ಮುರ್ಗಾಬ್ ಮುಟ್ಟಿದಾಗ ನಡುರಾತ್ರಿ.

ಕಂಟೇನರ್ ಸಂತೆಯ ಕೊನೆಯ ಡಬ್ಬ ಬುರುಲ್ಚಾಳದು.
ಸತ್ತ ಗಂಡನ ಫೌಜಿ ಕೋಟು, ಹುಬ್ಬಿನ ಮೇಲೆ ಗ್ರೀಸಿನ ಬೊಟ್ಟು.
ಲಾರಿಯೊಳಗೆ ಟಾರ್ಚು ಬಿಟ್ಟು ಕೇಳಿದಳು:
"ಟೇಪು ಯಾಕೆ?"

ನಾನು ಬೀರಿನ ಹಗ್ಗ ಬಿಗಿ ಮಾಡತೊಡಗಿದೆ.

ಕಡ್ಡಿ ಎಳೆದು ಮಟ್ಟ ನೋಡಿದಳು. ಸರಿಯಿತ್ತು.
ಎರಡು ಬೆರಳ ನಡುವೆ ಆಯಿಲ್ ಉಜ್ಜಿ ಮೂಸಿದಳು.
ಪೆಟ್ರೋಲಿನ ವಾಸನೆಯಿಲ್ಲ, ನೀರು ಬೆರೆತ ಬಿಳುಪಿಲ್ಲ.
ಸೆಂಡರ್ ಬಿಚ್ಚಿ ಅದೇ ತೂತಿಗೆ
ತನ್ನ ಹಿತ್ತಾಳೆ ಗೇಜು ತಿರುಗಿಸಿ ಕೂರಿಸಿದಳು.
ಅದರ ಮುಳ್ಳೂ ಮಲಗಿತು.
"ನಿನ್ನ ಮೀಟರ್ ನಿಜವನ್ನೇ ಹೇಳಿದೆ. ಕ್ಷಮೆ ಕೇಳು."
ನಗುತ್ತಾಳೇನೋ ಎಂದು ಕಾದೆ. ನಗಲಿಲ್ಲ.

ಉದ್ದ ಸ್ಕ್ರೂಡ್ರೈವರಿನ ಹಿಡಿ ಕಿವಿಗೆ,
ತುದಿ ಎಂಜಿನ್ನಿನ ಪಕ್ಕೆಗೆ.
"ರಕ್ತದೊತ್ತಡ ನೋಡಿದ ಹಾಗೆ," ಎಂದೆ.
"ಅಲ್ಲ. ಮನುಷ್ಯರು ನೋವು ಎಲ್ಲೋ ಇದ್ದರೆ ಎಲ್ಲೋ ತೋರಿಸುತ್ತಾರೆ.
ನಿಲ್ಲಿಸಿದರೆ ಏನಾಗುತ್ತಿತ್ತು?"

ದೂರಿನಂತೆ ಹೇಳಿಕೊಂಡೆ:
ನಿಂತು ಹತ್ತು ನಿಮಿಷ ಬಿಟ್ಟರೆ ಮುಳ್ಳು ತಾನಾಗಿ ಏಳುತ್ತದೆ,
ಏರಿನಲ್ಲಿ ಎಂಜಿನ್ ಕೂಗಿಸಿದರೆ ಮತ್ತೆ ಬೀಳುತ್ತದೆ.
ಸಾಕ್ಷಿಯ ಮಾತು ಬರೆದುಕೊಳ್ಳುವವಳಂತೆ ಆಲಿಸಿದಳು.

"ಬೇರಿಂಗ್ ಸವೆದಿದ್ದರೆ
ನಿಂತಾಗ ಬೀಳಬೇಕು, ಓಡುವಾಗ ಏಳಬೇಕು.
ನಿನ್ನದು ತಿರುಗುಮುರುಗು.
ಕೆಳಗೆ ಯಾವುದೋ ಬಾಯಿ ಕಟ್ಟಿದೆ.
ಪಂಪು ಜೋರಾಗಿ ಎಳೆದಾಗ ಕಸ ಬಂದು ಮುಚ್ಚುತ್ತದೆ,
ಎಳೆತ ನಿಂತರೆ ಉದುರುತ್ತದೆ."

ಮುಂದಿನ ಆಕ್ಸಲ್ ಅಡ್ಡ ಬಂತು.
ಛಾಸಿಯನ್ನು ಜಾಕಿನಲ್ಲಿ ಎತ್ತಿ ಅದನ್ನು ಜೋತುಬಿಟ್ಟೆವು.
ಕೈಗೆ ಅಂಟುವಷ್ಟು ತಣ್ಣಗಿದ್ದ ಬೋಲ್ಟುಗಳು.
ಸಂಪು ಕಳಚಿ, ಹೀರುಕೊಳವೆಯ ಜಾಲರಿಗೆ ಬೆಳಕು ಹಿಡಿದಳು.

ಕಿತ್ತಳೆ ಬಣ್ಣದ ಹುಳುಗಳು.
ಸಿಲಿಕೋನ್ ಪೇಸ್ಟಿನ ಎಳೆಗಳು, ಬೆರಳುದ್ದ,
ಜಾಲರಿಯ ಕಣ್ಣುಕಣ್ಣಿಗೂ ಕಚ್ಚಿಕೊಂಡು.

ಹೋದ ಶರತ್ಕಾಲ. ಸಂಪು ಜಿನುಗುತ್ತಿತ್ತು,
ನಿಂತಲ್ಲೆಲ್ಲ ಕರಿ ತಟ್ಟೆಯಗಲ ಕಲೆ.
ಇನ್ನೆಂದೂ ಸೋರಬಾರದೆಂದು
ಪೂರಾ ಟ್ಯೂಬು ಹಿಂಡಿ ಹಿಂಡಿ ಬಳಿದಿದ್ದೆ.
ಹೊರಗೆ ಉಕ್ಕಿದ್ದನ್ನು ಹೆಬ್ಬೆರಳಿಂದ ನೀಟಾಗಿ ಒರೆಸಿದ್ದೆ.
ಒಳಗೂ ಅಷ್ಟೇ ಉಕ್ಕಿರುತ್ತದೆ ಎಂಬುದು
ಹೊಳೆದೇ ಇರಲಿಲ್ಲ.

"ಯಾರು ಹಚ್ಚಿದ್ದು?"
"ಓಶ್‌ನಲ್ಲಿ, ಯಾರೋ."
ಎಳೆಯೊಂದನ್ನು ಬೆಳಕಿಗೆ ಹಿಡಿದು ಹಿಗ್ಗಿಸಿ ನೋಡಿದಳು.
"ಓಶ್‌ನ ಮೆಕ್ಯಾನಿಕ್ಕುಗಳು ಕರಿಯದನ್ನು ಹಚ್ಚುತ್ತಾರೆ."
ಅಷ್ಟೇ. ಎಳೆಯನ್ನು ನನ್ನ ಅಂಗೈಯಲ್ಲಿಟ್ಟು
ಜಾಲರಿ ತೊಳೆಯಲು ಹೋದಳು.

ಬೆಳಗಿನ ಜಾವ ಹೊಸ ಅಂಚಿಗೆ ಅವಳೇ ಪೇಸ್ಟ್ ಎಳೆದಳು,
ಕಾಡಿಗೆಯಷ್ಟು ತೆಳುವಾಗಿ.
ಇನ್ನೊಂದು ಸುತ್ತು ಎನ್ನಲು ಬಾಯಿ ತೆರೆದು ಮುಚ್ಚಿದೆ.
ಕೂಲಿಯಾಗಿ ಒಂದು ಮೂಟೆ ಹಿಟ್ಟು.
ಮದುವೆ ಮನೆಯ ಹುಡುಗ ಆಗಲೇ ಬಂದು
ಕನ್ನಡಿ ಒಡೆದಿದೆಯೇ ಎಂದು ಹಗ್ಗದ ಸಂದಿಯಲ್ಲಿ ಇಣುಕುತ್ತಿದ್ದ.

ಚಾಲೂ ಮಾಡಿದೆ.
ಮುಳ್ಳು ತಡವರಿಸಿತು, ಎದ್ದಿತು, ಮೂರರಲ್ಲಿ ನಿಂತಿತು.
ದೀಪ ಆರಿತೋ ಇಲ್ಲವೋ ಕಾಣಲಿಲ್ಲ.
ಉಗುರಿನಿಂದ ಟೇಪು ಕಿತ್ತೆ.

ಅಂಟು ಮಾತ್ರ ಗಾಜಿನ ಮೇಲೆ ಇನ್ನೂ ಇದೆ.
ಧೂಳು ಹಿಡಿದಿದೆ. ಬೆರಳಿಟ್ಟರೆ
ಈಗಲೂ ಸ್ವಲ್ಪ ಹಿಡಿದುಕೊಳ್ಳುತ್ತದೆ.