ಒತ್ತು

ಎಸ್ಬ್ಯೆರ್ಗ್ ಬಂದರಿನಲ್ಲಿ ಗಾಳಿಯಂತ್ರಕ್ಕೆ
ಬೋಲ್ಟು ಬಿಗಿಯುವ ಟ್ರೋಲ್ಸ್‌ಗೆ
ಬಲದ ಲೆಕ್ಕ ಗೊತ್ತು.

ಮೂವತ್ತೊಂದು ಗಂಟೆ. ಕೊನೆಗೆ
ನಿರ್ವಾತದ ಬಟ್ಟಲು ಕಚ್ಚಿ ಎಳೆದದ್ದು.
ನೆತ್ತಿಯ ಮೇಲೆ ಇನ್ನೂ ಅದರ ನೇರಳೆ ಬಳೆ.
ಹನ್ನೆರಡು ದಿನದ ಕೂಸು
ಎಡಕ್ಕಷ್ಟೇ ಕತ್ತು ಹೊರಳಿಸುತ್ತದೆ,
ಇನ್ನೊಂದು ಮೊಲೆಗೆ ಹಿಡಿದರೆ ಕಿರುಚುತ್ತದೆ.

ಲಟಕ್ಕನೆ ತಿರುವಿಬಿಟ್ಟರೆ?
ಟ್ರೋಲ್ಸ್ ಬಾಗಿಲಲ್ಲೇ ನಿಂತ, ಬೂಟು ಬಿಚ್ಚದೆ.

ಮುದುಕ ಕೈರೊಪ್ರಾಕ್ಟರ್
ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡ.
ಕತ್ತಿನ ಬುಡಕ್ಕೆ ಕಿರುಬೆರಳು,
ಆಮೇಲೆ ಬರೀ ಕಾಯುವುದು.
"ಮುಚ್ಚಿದ ರೆಪ್ಪೆ ತಾಳುವಷ್ಟು ಒತ್ತು, ಅಷ್ಟೇ.
ಇದರಿಂದಲೇ ಸರಿಹೋಗುತ್ತೆ ಅಂತ
ಆಣೆ ಇಡಲಾರೆ."
ಬೋದಿಲ್ ಕುರ್ಚಿಯಲ್ಲೇ ನಿದ್ದೆಹೋಗಿದ್ದಳು.

ರಾತ್ರಿ ಎರಡಕ್ಕೆ ಮತ್ತೆ ಅಳು.
ಹಾಲು ಬಿಸಿಗಿಟ್ಟು ಟ್ರೋಲ್ಸ್
ಕತ್ತಲಲ್ಲಿ ತನ್ನದೇ ರೆಪ್ಪೆಯ ಮೇಲೆ
ಬೆರಳಿಟ್ಟು ನೋಡಿಕೊಂಡ.
ಜಾಸ್ತಿಯಾಯಿತು.
ಮತ್ತೆ ಇಟ್ಟ.